ಐದು ಗುಂಟೆಯ ಬಂಗಲೆ ಮತ್ತು ಊರಿನ ಅಬ್ಬಿ

(ಒಕ್ಕೂಟದ ಬೇಸಿಗೆ ಸಭೆಯಲ್ಲಿ ಕೃಷಿ ವಿಜ್ಞಾನಿಯೊಬ್ಬರು ಮಾಡಿದ ಭಾಷಣದ ಪಠ್ಯ)



ಅಡಿಕೆಯ ಎಲೆಚುಕ್ಕಿ ರೋಗದ ಕುರಿತು ಮಾತನಾಡಬೇಕೆಂದು ಸಂಘಟಕರು ನನ್ನನ್ನು ಕರೆದಿದ್ದರು. ಅದರ ಬಗ್ಗೆಯೂ ಒಂದೆರಡು ಮಾತು ಬರುತ್ತದೆ. ಆದರೆ ಕಳೆದ ಎರಡು ತಿಂಗಳಿನಿಂದ ನನ್ನ ತಲೆಯಲ್ಲಿ ಕುಳಿತಿರುವ ವಿಷಯ ಬೇರೆ. ಅದನ್ನು ಹೇಳದೆ ರೋಗದ ಮಾತು ಆಡಿದರೆ ಮನಸ್ಸಿಗೆ ವಂಚನೆ ಮಾಡಿಕೊಂಡಂತಾಗುತ್ತದೆ. ಆದ್ದರಿಂದ ಅಧ್ಯಕ್ಷರ ಅಪ್ಪಣೆ ಪಡೆದು ವಿಷಯವನ್ನು ಬದಲಿಸಿಕೊಂಡಿದ್ದೇನೆ.

ಫೆಬ್ರವರಿಯಲ್ಲಿ ಬೆಂಗಳೂರಿನಿಂದ ಒಬ್ಬ ಗೆಳೆಯನ ದೂರವಾಣಿ ಕರೆ ಬಂತು. ವಿದ್ಯಾರ್ಥಿ ನಿಲಯದಲ್ಲಿ ನಾಲ್ಕು ವರ್ಷ ನನ್ನೊಡನೆ ಒಂದೇ ಕೋಣೆಯಲ್ಲಿದ್ದವನು. ನನಗಿಂತ ಹೆಚ್ಚು ಮರಗಳ ಹೆಸರು ಬಲ್ಲವನು. ಈಗ ಗಾಜಿನ ಕಟ್ಟಡವೊಂದರ ಒಂಬತ್ತನೆಯ ಮಹಡಿಯಲ್ಲಿ ಕೆಲಸ. "ನಿನ್ನ ಊರಿನ ಕಡೆಯೇ ಒಂದು ಸಣ್ಣ ಬಂಗಲೆ ಕೊಳ್ಳುತ್ತಿದ್ದೇನೆ. ಎದುರಿಗೆ ಹಳ್ಳ, ಹಿಂದೆ ಕಾಡು. ಐದು ಗುಂಟೆ ಜಾಗ, ಆರುನೂರು ಚದರಡಿಯ ಮನೆ, ಅಷ್ಟೇ. ನೀನೊಮ್ಮೆ ಹೋಗಿ ಮಣ್ಣು ನೋಡಿ ಹೇಳು" ಎಂದ. ಅವನ ದನಿಯಲ್ಲಿದ್ದ ಸಂತೋಷ ಕೇಳಿ ನನಗೂ ಸಂತೋಷವಾಯಿತು. ಹಳೆಯ ಗೆಳೆಯ ನೆರೆಯವನಾಗುವುದು ಬೇಡವೆನ್ನುವವರು ಯಾರು?

ಅವನು ಕಳುಹಿಸಿದ ನಕ್ಷೆಯಲ್ಲಿ ಇಪ್ಪತ್ತನಾಲ್ಕು ನಿವೇಶನಗಳಿದ್ದವು. ನಡುವೆ ಒಂದು ರಸ್ತೆ, ತಗ್ಗಿನಲ್ಲಿ ಒಂದು ಈಜುಕೊಳ, ಅಂಚಿನಲ್ಲಿ ನೀಲಿ ಬಣ್ಣದ ಒಂದು ಗೆರೆ. ಮೂಲೆಯಲ್ಲಿದ್ದ ಸರ್ವೆ ನಂಬರನ್ನು ನೋಡಿದಾಗ ನಾನು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಬೇಕಾಯಿತು. ಅದು ನಮ್ಮ ಮನೆಯ ಮೇಲಿನ ಹಕ್ಕಲು. ಆ ನೀಲಿ ಗೆರೆ ನಮ್ಮ ಊರಿನ ಅಬ್ಬಿ.

ಪೇಟೆಯಿಂದ ಬಂದಿರುವ ವಿದ್ಯಾರ್ಥಿಗಳಿಗಾಗಿ ಹೇಳುತ್ತೇನೆ. ಬೆಟ್ಟದ ಒರತೆಯಿಂದ ಇಳಿಯುವ ನೀರನ್ನು ಮೇಲೆಯೇ ಹಿಡಿದು, ಹಿಂದೆ ಅಡಿಕೆ ದಬ್ಬೆಗಳಲ್ಲಿ, ಈಗ ಕಪ್ಪು ಪೈಪುಗಳಲ್ಲಿ, ಮನೆಮನೆಯ ಬಚ್ಚಲಿಗೆ ಹರಿಸಿಕೊಳ್ಳುವ ಪದ್ಧತಿ ನಮ್ಮಲ್ಲಿದೆ. ಪಂಪು ಬೇಡ, ವಿದ್ಯುತ್ತು ಬೇಡ. ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟು ಹೋದಾಗಲೂ ನಮ್ಮ ಹಂಡೆಗೆ ನೀರು ಬೀಳುತ್ತಿರುತ್ತದೆ. ನಮ್ಮ ಅಬ್ಬಿಯನ್ನು ನಂಬಿರುವ ಮನೆಗಳು ಮೂವತ್ತೆಂಟು.

ಮಾರುವವರು ಯಾರೆಂದು ಇಲ್ಲಿ ಕುಳಿತವರಲ್ಲಿ ಕೆಲವರಿಗೆ ಗೊತ್ತಿದೆ. ಹೆಸರು ಬೇಡ. ನನಗೆ ತಂದೆಯ ಸಮಾನರಾದ ಹಿರಿಯರು. ಅವರ ಮೇಲೆ ಯಾರೂ ಬೆರಳು ತೋರಿಸಬಾರದೆಂದು ಮೊದಲೇ ಕೇಳಿಕೊಳ್ಳುತ್ತೇನೆ. ಶೃಂಗೇರಿ-ಕೊಪ್ಪ ಸೀಮೆಯ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ತಿನ್ನುತ್ತಿದೆ. ಅದರ ಮೂಲ ಫೈಟೋಪ್ಲಾಸ್ಮ ಎಂಬ ಸೂಕ್ಷ್ಮಜೀವಿ ಎಂದು ನಾವು ವಿಜ್ಞಾನಿಗಳು ಗುರುತಿಸಿದೆವು, ರೋಗ ಹಿಡಿದ ಮರವನ್ನು ಗುಣಪಡಿಸುವ ಔಷಧಿಯನ್ನು ಮಾತ್ರ ಇಂದಿಗೂ ಕೊಡಲಾಗಿಲ್ಲ. ಅದರ ಮೇಲೆ ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ಎಂಬ ಶಿಲೀಂಧ್ರ ರೋಗವೂ ಹಬ್ಬಿತು. ಆ ಹಿರಿಯರ ತೋಟದಲ್ಲಿ ಇಂದು ನಿಂತಿರುವ ಮರಗಳಿಗಿಂತ ಬೋಳು ಕಾಂಡಗಳೇ ಹೆಚ್ಚು. ಮಕ್ಕಳಿಬ್ಬರೂ ದೂರದಲ್ಲಿದ್ದಾರೆ. ಸಹಕಾರ ಸಂಘದ ಸಾಲವಿದೆ. ನಾನು ಹೋಗಿ ಮಾತು ತೆಗೆದಾಗ ಅವರು ಹೇಳಿದ್ದು ಇಷ್ಟು: "ನೀವು ಓದಿದವರು ಇಷ್ಟು ವರ್ಷದಿಂದ ರೋಗಕ್ಕೆ ಔಷಧಿ ಹುಡುಕುತ್ತಿದ್ದೀರಿ ಮಾರಾಯಾ. ಆ ದಲ್ಲಾಳಿ ಒಂದೇ ದಿನದಲ್ಲಿ ನನ್ನ ಹಕ್ಕಲಿಗೆ ಬೆಲೆ ಹುಡುಕಿದ." ನನ್ನ ಬಳಿ ಉತ್ತರವಿರಲಿಲ್ಲ. ಅವರು ಕೊಟ್ಟ ಕಾಫಿ ಕುಡಿದು ಎದ್ದು ಬಂದೆ.

ಕೊಳ್ಳುವವನು ಒಳ್ಳೆಯವನು, ಮಾರುವವರು ಕಷ್ಟದಲ್ಲಿರುವವರು. ಇದು ನಮ್ಮ ಒಕ್ಕೂಟಕ್ಕೆ ಹೊಸ ಬಗೆಯ ತೊಡಕು. ಕುದುರೆಮುಖದ ಗಣಿಗಾರಿಕೆಯ ವಿರುದ್ಧ ನಿಂತಾಗ ಎದುರಿಗೆ ಒಂದು ಕಂಪನಿಯಿತ್ತು, ಅದಕ್ಕೊಂದು ವಿಳಾಸವಿತ್ತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಐದು ಗುಂಟೆಯ ಬಂಗಲೆಗಳ ವಿರುದ್ಧ ಯಾರ ಮನೆಯ ಮುಂದೆ ಧರಣಿ ಕೂರುವುದು? ನನ್ನ ಗೆಳೆಯನ ಮನೆಯ ಮುಂದೆಯೇ?

ಹೀಗಾಗಿ ನನಗೆ ತಿಳಿದ ಕೆಲಸವನ್ನೇ ಮಾಡಿದೆ. ಅಳತೆ ಹಿಡಿದು ಕುಳಿತೆ.

ಮೊದಲು ನೀರು. ಹಿಂದಿನ ವರ್ಷ ಏಪ್ರಿಲ್ ಕೊನೆಯ ವಾರ ನಮ್ಮ ಅಬ್ಬಿಯ ಬಾಯಿಗೆ ಹನ್ನೆರಡು ಲೀಟರಿನ ಕೊಡ ಹಿಡಿದಾಗ ತುಂಬಲು 45 ಸೆಕೆಂಡು ಬೇಕಾಗಿತ್ತು. ದಿನಕ್ಕೆ 23,000 ಲೀಟರ್ ಎಂದಾಯಿತು. ಕೇಳಲು ದೊಡ್ಡ ಸಂಖ್ಯೆ. ಆದರೆ ಜಲ ಜೀವನ್ ಮಿಷನ್ ಹಳ್ಳಿಗರಿಗೆ ನಿಗದಿ ಮಾಡಿರುವ ಪ್ರಮಾಣ, ಅಂದರೆ ತಲೆಗೆ ದಿನಕ್ಕೆ 55 ಲೀಟರ್ ಎಂದಿಟ್ಟುಕೊಂಡು, ಮನೆಗೆ ಐದು ಜನರಂತೆ ಲೆಕ್ಕ ಹಾಕಿದರೆ ಮೂವತ್ತೆಂಟು ಮನೆಗಳಿಗೆ 10,450 ಲೀಟರ್ ಬೇಕು. ಊರಿನ ಅರವತ್ತು ದನಗಳಿಗೆ ತಲಾ 50 ಲೀಟರಿನಂತೆ 3,000. ಉಳಿಯುವುದು ಒಂಬತ್ತೂವರೆ ಸಾವಿರ ಲೀಟರ್. ಹನಿ ನೀರಾವರಿಯಲ್ಲಿ ಅಡಿಕೆ ಮರಕ್ಕೆ ದಿನಕ್ಕೆ ಇಪ್ಪತ್ತು ಲೀಟರ್ ಕೊಟ್ಟರೂ ಅದು ಒಂದು ಎಕರೆ ತೋಟಕ್ಕೆ ಸಾಲದು. ಅಬ್ಬಿ ಸೊರಗಿದ ದಿನಗಳಲ್ಲಿ ನಾವು ಸರದಿ ಹಚ್ಚಿ ನೀರು ಹಾಯಿಸುವುದು ಇದೇ ಕಾರಣಕ್ಕೆ.

ಇನ್ನು ಇಪ್ಪತ್ತನಾಲ್ಕು ಬಂಗಲೆಗಳು. ಮನೆಗೆ ನಾಲ್ವರು, ಪಟ್ಟಣಗಳ ನೀರು ಪೂರೈಕೆಗೆ ಬಳಸುವ ಪ್ರಮಾಣದಂತೆ ತಲೆಗೆ 135 ಲೀಟರ್. ಒಟ್ಟು 12,960 ಲೀಟರ್. ಈಜುಕೊಳವನ್ನು ಇದರಲ್ಲಿ ಸೇರಿಸಿಲ್ಲ.

ಗೆಳೆಯನಿಗೆ ಈ ಲೆಕ್ಕ ಹೇಳಿದಾಗ ಅವನು ನ್ಯಾಯವಾದ ಒಂದು ಆಕ್ಷೇಪ ಎತ್ತಿದ. "ನಾವು ವರ್ಷಕ್ಕೆ ಇಪ್ಪತ್ತು ದಿನ ಬರುವವರು. ಮುನ್ನೂರೈವತ್ತು ದಿನದ ನೀರಿನ ಲೆಕ್ಕ ಯಾಕೆ ಹಾಕುತ್ತೀಯ?" ಸರಿಯಾದ ಮಾತೇ. ಆದರೆ ಆ ಇಪ್ಪತ್ತು ದಿನ ಯಾವುವು? ಮಕ್ಕಳಿಗೆ ರಜೆ ಸಿಗುವುದು ಏಪ್ರಿಲ್-ಮೇ ತಿಂಗಳಲ್ಲಿ. ಇಪ್ಪತ್ತನಾಲ್ಕು ಮನೆಯವರಿಗೂ ಅದೇ ರಜೆ. ಅಬ್ಬಿ ಬೆರಳ ಗಾತ್ರಕ್ಕೆ ಇಳಿಯುವುದೂ ಅದೇ ದಿನಗಳಲ್ಲಿ. ಜುಲೈನಲ್ಲಿ ಇಪ್ಪತ್ತನಾಲ್ಕು ಅಲ್ಲ, ಇನ್ನೂರ ನಲವತ್ತು ಕುಟುಂಬಗಳು ಬಂದು ಮಿಂದರೂ ನಮ್ಮ ಹಳ್ಳಕ್ಕೆ ಲೆಕ್ಕವಿಲ್ಲ. ಆದರೆ ಜುಲೈನಲ್ಲಿ ಜಿಗಣೆಯ ನಡುವೆ ರಜೆ ಕಳೆಯಲು ಬರುವವರು ಎಷ್ಟು ಜನ?

ದಲ್ಲಾಳಿಯ ಉತ್ತರ ಇನ್ನೂ ಸರಳವಾಗಿತ್ತು. "ಹಳ್ಳದ ನೀರನ್ನು ಮುಟ್ಟುವುದಿಲ್ಲ ಸಾರ್, ಬೋರು ತೆಗೆಸುತ್ತೇವೆ." ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ನಮ್ಮ ಬೆಟ್ಟದ ಒಡಲಲ್ಲಿ ಒಂದು ಕೆರೆ, ಹೊರಗೆ ಇನ್ನೊಂದು ಹಳ್ಳ ಎಂದು ಬೇರೆಬೇರೆ ಇಲ್ಲ. ಮಳೆಗಾಲದಲ್ಲಿ ಮಣ್ಣು ಮತ್ತು ಸಡಿಲಗೊಂಡ ಕಲ್ಲಿನ ಪದರಗಳಲ್ಲಿ ಇಂಗಿದ ನೀರೇ ಬೇಸಿಗೆಯಲ್ಲಿ ಒರತೆಯಾಗಿ ಹೊರಬೀಳುತ್ತದೆ. ಒರತೆಯ ನೆತ್ತಿಯ ಮೇಲೆ ಕೊಳವೆ ಬಾವಿ ಕೊರೆದು ಅದೇ ನೀರನ್ನು ಎತ್ತಿದರೆ, ಹಂಡೆಯ ತೂಬು ಮುಚ್ಚಿಟ್ಟು ಮೇಲಿನಿಂದ ಮೊಗೆದಂತೆ.

ಎರಡನೆಯದು ಮಣ್ಣು. ಇದು ನನ್ನ ವಿಷಯ, ಹಾಗಾಗಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ನನ್ನ ಮಾನವನ್ನೂ ಇಲ್ಲಿಯೇ ಕಳೆದುಕೊಳ್ಳಬೇಕಾಗಿದೆ.

ಆ ಹಕ್ಕಲು ಸುಮಾರು ಇಪ್ಪತ್ತು ಡಿಗ್ರಿ ಇಳಿಜಾರು. ಅಲ್ಲಿ ಹದಿನೈದು ಮೀಟರ್ ಉದ್ದ, ಹನ್ನೆರಡು ಮೀಟರ್ ಅಗಲದ ಸಮತಟ್ಟು ಮಾಡಬೇಕೆಂದರೆ, ಅಂದರೆ ಮನೆಗೆ ಮತ್ತು ಕಾರು ತಿರುಗಿಸಲು ಬೇಕಾದಷ್ಟು ಜಾಗಕ್ಕೆ, ಮೇಲಿನ ಅರ್ಧವನ್ನು ಕಡಿದು ಕೆಳಗಿನ ಅರ್ಧಕ್ಕೆ ತುಂಬುತ್ತಾರೆ. ಕಡಿದ ಧರೆ ಎರಡು ಮೀಟರಿಗಿಂತ ಎತ್ತರ. ಸರಿಸಿದ ಮಣ್ಣು ಸುಮಾರು ನೂರು ಘನ ಮೀಟರ್, ಒದ್ದೆಯಾದಾಗ ನೂರ ಎಂಬತ್ತು ಟನ್ನಿನಷ್ಟು ಭಾರ. ಒಂದು ಬಂಗಲೆಗೆ ಇಷ್ಟು. ಇಪ್ಪತ್ತನಾಲ್ಕಕ್ಕೆ ಗುಣಿಸಿ, ರಸ್ತೆಯದನ್ನು ಬೇರೆ ಸೇರಿಸಿ. ಜೆಸಿಬಿಗೆ ಇದು ಹೆಚ್ಚೆಂದರೆ ಕೆಲವು ವಾರಗಳ ಕೆಲಸ. ಆದರೆ ತುಂಬಿದ ಮಣ್ಣಿಗೆ ಬೇರಿನ ಹಿಡಿತವಿಲ್ಲ, ಕಡಿದ ಧರೆಗೆ ಪಾದದ ಆಸರೆಯಿಲ್ಲ. ಅದರ ಮೇಲೆ ನಮ್ಮ ಆಷಾಢದ ಮಳೆ. ಒಂದು ದಿನದಲ್ಲಿ ನೂರು ಮಿಲಿಮೀಟರ್ ಬಿದ್ದರೆ, ಅರವತ್ತು ಚದರ ಮೀಟರಿನ ಒಂದು ಚಾವಣಿಯಿಂದಲೇ ಆರು ಸಾವಿರ ಲೀಟರ್ ನೀರು ಇಳಿಯುತ್ತದೆ. ಅದು ಹೋಗುವುದು ಆ ಸಡಿಲ ಮಣ್ಣಿಗೇ.

ಇದನ್ನೆಲ್ಲ ಪುಸ್ತಕದಿಂದ ಕಲಿತೆನೆಂದು ತಿಳಿಯಬೇಡಿ. ಹತ್ತು ವರ್ಷದ ಹಿಂದೆ ನಾನು ಮನೆ ಕಟ್ಟಿಸಿದಾಗ ಅಂಗಳ ದೊಡ್ಡದಾಗಿರಲಿ ಎಂದು ಹಿಂದಿನ ಧರೆಯನ್ನು ಇನ್ನೂ ಎರಡು ಮೀಟರ್ ಒಳಕ್ಕೆ ಕಡಿಸಿದೆ. "ನೆತ್ತಿಯಲ್ಲಿ ಒಂದು ಬಸಿಗಾಲುವೆ ತೆಗೆಯದೆ ಧರೆ ಮುಟ್ಟಬೇಡ" ಎಂದು ತಂದೆ ಹೇಳಿದ್ದರು. ಮಣ್ಣು ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವನಿಗೆ ಅಡಿಕೆ ಕೃಷಿಕರ ಉಪದೇಶವೇ ಎಂದುಕೊಂಡೆ. ಮೂರನೆಯ ಮಳೆಗಾಲದ ಒಂದು ರಾತ್ರಿ ಧರೆ ಕುಸಿದು ಅಡುಗೆಮನೆಯ ಗೋಡೆಯನ್ನು ಒರಗಿಕೊಂಡು ನಿಂತಿತು. ಗೋಡೆ ತಡೆಯಿತು. ಒಳಗೆ ಯಾರೂ ಇರಲಿಲ್ಲ. ಬೆಳಿಗ್ಗೆ ತಂದೆ ಬಂದು ನೋಡಿ, ಏನೂ ಹೇಳದೆ ಗುದ್ದಲಿ ತೆಗೆದುಕೊಂಡು ಧರೆಯ ಮೇಲಕ್ಕೆ ಹೋದರು. ಆ ಬಸಿಗಾಲುವೆ ಇಂದಿಗೂ ಇದೆ.

ನನ್ನದು ಒಂದು ಗೋಡೆಯ ಕಥೆ. 2018ರ ಆಗಸ್ಟಿನಲ್ಲಿ ಮಡಿಕೇರಿ, ಸೋಮವಾರಪೇಟೆ ತಾಲ್ಲೂಕುಗಳಲ್ಲಿ ಬೆಟ್ಟಗಳು ಜಾರಿದ್ದನ್ನು ನೀವೆಲ್ಲ ಬಲ್ಲಿರಿ. ರಸ್ತೆಗೆ, ಕಟ್ಟಡಕ್ಕೆ ಎಂದು ಇಳಿಜಾರುಗಳನ್ನು ಕಡಿದುದನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯೂ ಕಾರಣಗಳಲ್ಲಿ ಎಣಿಸಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿಯಿತು. ಎರಡು ವಾರ ಕಳೆದು ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕೈ, ಚೂರಲ್‌ಮಲೆಗಳಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹುಪಾಲು ರಜೆಗೆ ಬಂದವರಲ್ಲ, ಅಲ್ಲಿಯೇ ದುಡಿದು ಬದುಕುತ್ತಿದ್ದವರು. ಆ ದುರಂತವನ್ನು ಬಂಗಲೆಗಳ ತಲೆಗೆ ಕಟ್ಟುವುದು ನನ್ನ ಉದ್ದೇಶವಲ್ಲ. ನಾನು ಹೇಳುವುದು ಅದರ ಒಂದು ಸಂಗತಿಯನ್ನು ಮಾತ್ರ. ಮೇಲೆ ಜಾರಿದ ಮಣ್ಣು ಮತ್ತು ಬಂಡೆ ಕೆಳಗಿಳಿಯಲು ಹಳ್ಳದ ದಾರಿಯನ್ನೇ ಹಿಡಿದವು. ಬೆಟ್ಟದಲ್ಲಿ ನೀರಿನ ಬದಿಯ ಜಾಗವೆಂದರೆ ಬೆಟ್ಟವು ತನ್ನ ಭಾರವನ್ನು ಇಳಿಸುವ ದಾರಿಯ ಬದಿ. ನಮ್ಮ ಅಜ್ಜಂದಿರು ಹಳ್ಳದ ಬದಿಗೆ ತೋಟ ಮಾಡಿ, ಮನೆಯನ್ನು ದಿಣ್ಣೆಯ ಮೇಲೆ ಕಟ್ಟಿದ್ದು ನೀರಿನ ಸದ್ದು ಇಷ್ಟವಿಲ್ಲದೆ ಅಲ್ಲ.

ಶೌಚದ ಗುಂಡಿಗಳ ವಿಷಯವನ್ನು ಹೆಚ್ಚು ಬೆಳೆಸುವುದಿಲ್ಲ. ಇಂಗುಗುಂಡಿಗೂ ಕುಡಿಯುವ ನೀರಿಗೂ ಹದಿನೈದು-ಇಪ್ಪತ್ತು ಮೀಟರ್ ಅಂತರವಿರಲಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅದು ಸಮತಟ್ಟಾದ ನೆಲದ ಮಾತು. ಜಂಬಿಟ್ಟಿಗೆಯ ಪೊಳ್ಳುಗಳಿರುವ ಇಳಿಜಾರಿನಲ್ಲಿ, ಅಬ್ಬಿಯ ನೆತ್ತಿಯ ಮೇಲೆ ಇಪ್ಪತ್ತನಾಲ್ಕು ಗುಂಡಿಗಳಿದ್ದರೆ ಆ ಅಂತರ ಏನನ್ನು ಕಾಯುತ್ತದೆಯೋ ನೀವೇ ಊಹಿಸಿ.

ಹಾಗಾದರೆ ಕಾನೂನು ಇದನ್ನು ನೋಡಿಕೊಳ್ಳುವುದಿಲ್ಲವೇ ಎಂದು ಕೇಳಬಹುದು. ನಾನೂ ಹುಡುಕಿದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಕಟ್ಟಡ ಯೋಜನೆಗಳಿಗೆ ಪೂರ್ವಾನುಮತಿ ಬೇಕಾಗುವುದು 20,000 ಚದರ ಮೀಟರಿನಿಂದ ಮೇಲೆ. ಇಷ್ಟು ಕಾವೇರಿದ ಚರ್ಚೆಗೆ ಕಾರಣವಾದ ಕಸ್ತೂರಿರಂಗನ್ ಸಮಿತಿಯ 2013ರ ವರದಿಯೂ ಸೂಕ್ಷ್ಮ ಪ್ರದೇಶದಲ್ಲಿ ತಡೆಯಬೇಕೆಂದದ್ದು ಅದೇ 20,000 ಚದರ ಮೀಟರ್ ಮತ್ತು ಮೇಲಿನ ಕಟ್ಟಡಗಳನ್ನು. ಆರುನೂರು ಚದರಡಿಯ ಮನೆ ಎಂದರೆ 56 ಚದರ ಮೀಟರ್. ಅಂತಹ ಮುನ್ನೂರೈವತ್ತಕ್ಕೂ ಹೆಚ್ಚು ಮನೆಗಳು ಒಂದೇ ಯೋಜನೆಯಲ್ಲಿ ಬಂದರೆ ಮಾತ್ರ ಆ ಗೆರೆ ಮುಟ್ಟುತ್ತದೆ. ನಮ್ಮ ಇಪ್ಪತ್ತನಾಲ್ಕು ಅದರ ಹದಿನೈದರಲ್ಲಿ ಒಂದು ಪಾಲು. "ಸಣ್ಣ ಬಂಗಲೆ, ಅಷ್ಟೇ" ಎಂದನಲ್ಲ ನನ್ನ ಗೆಳೆಯ, ಆ ಮಾತಿನ ಬಲ ಇರುವುದು ಇಲ್ಲಿ. ಸಣ್ಣದನ್ನು ಯಾರೂ ಎಣಿಸುವುದಿಲ್ಲ. ಆ ವರದಿ ಬಂದರೆ ನಮ್ಮ ಮನೆಯ ಹಂಚು ಬದಲಿಸಲೂ ಆಗದು ಎಂದು ಹೆದರಿ ನಾವು ಮೆರವಣಿಗೆ ಮಾಡಿದೆವು. ಅದರ ಪುಟಗಳನ್ನು ತೆರೆದು ಓದಿದವರು ನಮ್ಮಲ್ಲಿ ಎಷ್ಟು ಜನ ಎಂದು ಈಗ ಕೇಳಿದರೆ ಮುಜುಗರವಾಗುತ್ತದೆ.

ಕೃಷಿಕರಲ್ಲದವರು, ಕೃಷಿಯೇತರ ವರಮಾನ ಮಿತಿ ಮೀರಿದವರು ಕೃಷಿಭೂಮಿ ಕೊಳ್ಳದಂತೆ ತಡೆಯುತ್ತಿದ್ದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು 2020ರಲ್ಲಿ ತೆಗೆದುಹಾಕಲಾಯಿತು. ಅದರ ಬಳಿಕ ಐದು ಗುಂಟೆ, ಹತ್ತು ಗುಂಟೆಯ 'ಫಾರ್ಮ್ ಪ್ಲಾಟು'ಗಳ ವ್ಯಾಪಾರಕ್ಕೆ ದಾರಿ ಸಲೀಸಾಯಿತು. ಆದರೂ ಕೊಳ್ಳುವವರಿಗೆ ದಲ್ಲಾಳಿಗಳು ಹೇಳದ ಮಾತುಗಳಿವೆ. ಭೂ ಪರಿವರ್ತನೆಯಾಗದ ಕೃಷಿ ಜಮೀನಿನಲ್ಲಿ ತೋಟದ ಮನೆಯನ್ನು ಹಿಡುವಳಿಯ ಹತ್ತನೆಯ ಒಂದು ಭಾಗ ಮೀರದಂತೆ ಕಟ್ಟಬೇಕು ಎನ್ನುತ್ತದೆ 1964ರ ಭೂಕಂದಾಯ ಕಾಯ್ದೆಯ 95ನೆಯ ಕಲಮು. ಐದು ಗುಂಟೆಗೆ ಅದು ಅರ್ಧ ಗುಂಟೆ, 544 ಚದರಡಿ. ನನ್ನ ಗೆಳೆಯನ ಆರುನೂರು ಚದರಡಿ ಅಲ್ಲಿಯೇ ದಾಟಿತು. ಅಂತಹ ಮನೆಯನ್ನು ವ್ಯಾಪಾರಕ್ಕೆಂದು ಬಾಡಿಗೆಗೆ ಕೊಡುವಂತೆಯೂ ಇಲ್ಲ. 'ನೀವು ಬಾರದ ದಿನಗಳಲ್ಲಿ ಪ್ರವಾಸಿಗರಿಗೆ ಕೊಟ್ಟು ಸಾಲದ ಕಂತು ಕಟ್ಟಿ' ಎಂಬ ಆಸೆ ಮಾತ್ರ ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿದೆ. ಚಿತ್ರದಲ್ಲಿ ಬಂಗಲೆಯ ಹಿಂದೆ ಕಾಣುವ ಹಸಿರು ನಮ್ಮ ಸೊಪ್ಪಿನ ಬೆಟ್ಟ. ಅದು ಸರ್ಕಾರದ ಭೂಮಿ, ಸೊಪ್ಪು-ದರಕಿನ ಸೌಲಭ್ಯ ಮಾತ್ರ ತೋಟದವರದು. ಅದನ್ನು ಮಾರಲು ಯಾರಿಗೂ ಹಕ್ಕಿಲ್ಲ, ಚಿತ್ರದಲ್ಲಿ ಮಾರಲು ಮಾತ್ರ ಅಡ್ಡಿಯಿಲ್ಲ ಎಂದು ಕಾಣುತ್ತದೆ.

ಕರಾರುಪತ್ರದ ಕರಡನ್ನು ಆ ಹಿರಿಯರೇ ನನಗೆ ಓದಲು ಕೊಟ್ಟರು. ಅದರಲ್ಲಿ ಒಂದು ಸಾಲು ಬಂತು. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಅಷ್ಟಭೋಗಗಳ ಸಹಿತ. ಶಾಸನಗಳ ಕಾಲದಿಂದ ಬಂದ ಮಾತು. ಪತ್ರ ಬರೆಯುವವರು ಅಭ್ಯಾಸಬಲದಿಂದ ಬರೆಯುತ್ತಾರೆ, ನಾವು ಅಭ್ಯಾಸಬಲದಿಂದ ಸಹಿ ಹಾಕುತ್ತೇವೆ. "ಮೂರನೆಯದನ್ನು ಓದಿ ಮಾವಯ್ಯಾ" ಎಂದೆ. ಅವರು ಬೆರಳಿಟ್ಟು ಓದಿದರು. "ಜಲ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಬ್ಬಿ ನನ್ನದೊಬ್ಬನದೇ ಅಲ್ಲವಲ್ಲೋ" ಎಂದರು.

ಮುಂದಿನದು ಆ ಮಾತಿನಿಂದಲೇ ಹೊರಟಿತು. ಇಪ್ಪತ್ತು ವರ್ಷ ಅಡ್ಡಿಯಿಲ್ಲದೆ, ಹಕ್ಕಿನಿಂದ ಅನುಭವಿಸಿದ ನೀರಿನ ದಾರಿಗೆ 1882ರ ಈಸ್ಮೆಂಟ್ ಕಾಯ್ದೆಯ ರಕ್ಷಣೆಯಿದೆ. ನಮ್ಮ ಪೈಪು ಆ ಹಕ್ಕಲಿನಲ್ಲಿ ಹಾದುಬಂದು ಅದಕ್ಕಿಂತ ಹೆಚ್ಚು ಕಾಲವಾಗಿದೆ. ಆದರೆ ಹಕ್ಕು ಇದ್ದರೆ ಸಾಲದು, ಕಾಗದದಲ್ಲಿ ಕಾಣಬೇಕು. ಒಬ್ಬ ವಕೀಲರ ನೆರವಿನಿಂದ ಆ ಹಿರಿಯರು ಕರಡಿಗೆ ಮೂರು ಷರತ್ತು ಸೇರಿಸಿದರು. ಒರತೆ ಮತ್ತು ಪೈಪಿನ ದಾರಿ ಊರಿನ ಬಳಕೆಗೆ ಮೀಸಲು. ಹಳ್ಳದ ಎರಡೂ ದಡಗಳಲ್ಲಿ ಮೂವತ್ತು ಮೀಟರ್ ಒಳಗೆ ಅಗೆತ, ಕಟ್ಟಡ, ಗುಂಡಿ ಇಲ್ಲ. ಒರತೆಯ ಮೇಲ್ಭಾಗದಲ್ಲಿ ಕೊಳವೆ ಬಾವಿ ಇಲ್ಲ. ದಲ್ಲಾಳಿ ಆ ಕರಡನ್ನು ತೆಗೆದುಕೊಂಡು ಹೋಗಿ ಮೂರು ವಾರವಾಯಿತು. ಮರಳಿ ಬಂದಿಲ್ಲ. ಬೇರೆ ಊರಿನ ಬೇರೆ ಹಕ್ಕಲು ಸಿಕ್ಕಿರಬಹುದು. ಇಂದು ಇಲ್ಲಿ ಏಳೆಂಟು ಊರಿನವರು ಇದ್ದೀರಿ. ಈ ಕಥೆಯನ್ನು ಸಭೆಯಲ್ಲಿ ಹೇಳಲು ಅದೂ ಒಂದು ಕಾರಣ. ಮನೆ ಕಟ್ಟಲು ಪರವಾನಗಿ ಕೊಡುವ ಅಧಿಕಾರ 1993ರ ಕಾಯ್ದೆಯಂತೆ ಗ್ರಾಮ ಪಂಚಾಯತಿಗಿದೆ. ನಿಮ್ಮ ಸದಸ್ಯರು ಸಹಿ ಹಾಕುವ ಮುನ್ನ ಒಮ್ಮೆ ಅವರನ್ನು ಅಬ್ಬಿಯ ತನಕ ನಡೆಸಿಕೊಂಡು ಹೋಗಿ.

ಈ ಷರತ್ತುಗಳಿಂದ ಆ ಹಿರಿಯರ ಸಾಲ ತೀರಲಿಲ್ಲ. ವ್ಯಾಪಾರ ಮುರಿದರೆ ನಷ್ಟ ಅವರೊಬ್ಬರದು, ನೀರು ಉಳಿದ ಲಾಭ ಮೂವತ್ತೆಂಟು ಮನೆಗಳದು. ಈ ಲೆಕ್ಕ ನನ್ನನ್ನು ಕೊರೆಯುತ್ತಿದೆ. ಸಾಲದ ಮರುಪಾವತಿಯ ಅವಧಿ ವಿಸ್ತರಿಸಲು ಸಹಕಾರ ಸಂಘದಲ್ಲಿ ಕೇಳಿದ್ದೇವೆ. ಕೆಲವು ಮನೆಯವರು ಸೇರಿ ಅವರ ತೋಟದ ಒಂದು ಭಾಗದಲ್ಲಿ ಕಾಳುಮೆಣಸು, ಜಾಯಿಕಾಯಿ ನಾಟಿಗೆ ಆಳುಲೆಕ್ಕದಲ್ಲಿ ದುಡಿದುಕೊಡಲು ಒಪ್ಪಿದ್ದಾರೆ. ಅದು ಬೆಳೆ ಕೊಡಲು ವರ್ಷಗಳು ಬೇಕು. ದಲ್ಲಾಳಿಯ ಚೆಕ್ಕಿಗೆ ಇದು ಸಮನಲ್ಲವೆಂದು ಅವರಿಗೂ ಗೊತ್ತು, ನಮಗೂ ಗೊತ್ತು.

ಇನ್ನು ನನ್ನ ಗೆಳೆಯ. ಅವನು ಮೊದಲು ಸಿಟ್ಟಾದ. ಒಂದು ವಾರ ಮಾತಾಡಲಿಲ್ಲ. ಆಮೇಲೆ ಹೆಂಡತಿ ಮಕ್ಕಳೊಡನೆ ನಮ್ಮಲ್ಲಿಗೇ ಬಂದು ನಾಲ್ಕು ದಿನ ಉಳಿದ. ಮೂರನೆಯ ದಿನ ಅವನನ್ನು ಕೆಳಗಿನ ಕೇರಿಯ ಒಂದು ಮನೆಗೆ ಕರೆದುಕೊಂಡು ಹೋದೆ. ಬೀಗ ಹಾಕಿ ಆರು ವರ್ಷವಾದ ಮನೆ. ಅಂಗಳ ಯಾವ ಕಾಲದಲ್ಲೋ ತಟ್ಟಾಗಿದೆ, ಬಾವಿಯಿದೆ, ನೂರು ಮಳೆಗಾಲ ಕಂಡ ಧರೆಯ ಮೇಲೆ ಜರೀಗಿಡ ಹಬ್ಬಿದೆ. ಹಂಚು ಸರಿಪಡಿಸಬೇಕು, ಒಂದು ತೊಲೆಗೆ ಗೆದ್ದಲು ಹಿಡಿದಿದೆ. ಇಂತಹ ಬೀಗ ಹಾಕಿದ ಮನೆಗಳು ನಮ್ಮ ಒಂದೇ ಊರಿನಲ್ಲಿ ಐದಿವೆ. ಹಳ್ಳ ಇಲ್ಲಿಂದ ಕಾಣುವುದಿಲ್ಲ ಎಂದು ಅವನ ಮಗಳು ಸಪ್ಪೆ ಮುಖ ಮಾಡಿದಳು. ರಾತ್ರಿ ಸದ್ದು ಕೇಳುತ್ತದೆ ಎಂದೆ. ಮನೆಯ ಯಜಮಾನರೊಡನೆ ದೀರ್ಘಾವಧಿ ಬಾಡಿಗೆಯ ಮಾತು ನಡೆಯುತ್ತಿದೆ. ಕುದುರುತ್ತದೆಯೋ ಇಲ್ಲವೋ ಈಗಲೇ ಹೇಳಲಾರೆ. ಅಣ್ಣತಮ್ಮಂದಿರು ಮೂವರು, ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರಿದೆ.

ಎಲೆಚುಕ್ಕಿ ರೋಗದ ಪ್ರಶ್ನೆಗಳನ್ನು ಊಟದ ಹೊತ್ತಿನಲ್ಲಿ ಕೇಳಿ, ತಿಳಿದಷ್ಟು ಹೇಳುತ್ತೇನೆ. ಬರುವ ಭಾನುವಾರ ಬೆಳಿಗ್ಗೆ ಏಳಕ್ಕೆ ಈ ವರ್ಷದ ಅಬ್ಬಿಯ ಅಳತೆಯಿದೆ. ವಿದ್ಯಾರ್ಥಿಗಳು ಬರಬಹುದು. ಕೊಡ ನಮ್ಮಲ್ಲಿದೆ, ಸೆಕೆಂಡು ಮುಳ್ಳಿರುವ ಗಡಿಯಾರ ಒಂದು ಯಾರಾದರೂ ತನ್ನಿ. ಚಪ್ಪಲಿ ಕೆಳಗೇ ಬಿಟ್ಟು ಹತ್ತಬೇಕು, ಬಂಡೆ ಜಾರುತ್ತದೆ.